ಎರಡನೇ ಗೇರ್ ಹಾರುವ ಹಳೇ ಜೀಪು: ಬಾಕ್ಸ್ ಇಳಿಸುವ ಮುಂಚೆ ಮತ್ತು ಇಳಿಸಿದ ಮೇಲೆ

ನಮ್ಮ ಜೀಪಿನ ಗೇರ್ ಬಾಕ್ಸ್ ಕೆಟ್ಟಿದೆ ಅಂತ ಮೊದಲು ಹೇಳಿದ್ದು ಹ್ಯಾಂಡ್ ಬ್ರೇಕ್. ಅದು ನನಗೆ ಅರ್ಥವಾಗಲು ನಾಲ್ಕು ತಿಂಗಳು ಹಿಡಿಯಿತು. ಸಕಲೇಶಪುರದ ಕಡೆಯ ತೋಟ, ಕಾಫಿ ಕೊಯ್ಲಿನ ಸಮಯ. ಹಣ್ಣಿನ ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ನಿಲ್ಲಿಸಿದರೆ ಗಾಡಿ ಮೆಲ್ಲಗೆ ಜಾರುತ್ತಿತ್ತು. ಲೈನರ್, ಅಂದರೆ ಬ್ರೇಕ್ ಹಿಡಿಯುವ ಪಟ್ಟಿ, ಸವೆದಿರಬೇಕು ಅಂದುಕೊಂಡು ಹೊಸದು ಹಾಕಿಸಿದೆ. ಮೂರು ವಾರಕ್ಕೆ ಮತ್ತೆ ಅದೇ ಕಥೆ. ಆಮೇಲೆ ಒಂದು ದಿನ ಕಣದ ಕಡೆ ಇಳಿಯುವಾಗ ಎರಡನೇ ಗೇರ್ ಟಪ್ ಅಂತ ಹಾರಿ ನ್ಯೂಟ್ರಲ್‌ಗೆ ಬಂತು. ಹಿಂದೆ ಎಂಟು ಮೂಟೆ, ಮುಂದೆ ತಿರುವು. ಕಾಲಿನ ಬ್ರೇಕ್ ಚೆನ್ನಾಗಿತ್ತು, ಹಾಗಾಗಿ ಕೂತು ಇದನ್ನು ಬರೆಯುತ್ತಿದ್ದೇನೆ.

ಗಾಡಿ ಮಹೀಂದ್ರದ ಹಳೇ ಸಿಜೆ-3ಬಿ, ಬಾನೆಟ್ ಎತ್ತರ ಇರುತ್ತಲ್ಲ, ಅದು. ಅಮೆರಿಕದಲ್ಲಿ ಈ ಮಾದರಿ 1953ರಿಂದ 1968ರವರೆಗೆ ತಯಾರಾಯಿತು, ಅಲ್ಲಿ ನಿಂತ ಮೇಲೂ ನಮ್ಮಲ್ಲಿ ವರ್ಷಗಟ್ಟಲೆ ಬರುತ್ತಿತ್ತು. ನಮ್ಮದರ ಎಂಜಿನ್ ಯಾವತ್ತೋ ಡೀಸೆಲ್‌ಗೆ ಬದಲಾಗಿದೆ. ಗೇರ್ ಬಾಕ್ಸ್ ಮಾತ್ರ ಹಳೆಯದೇ, ಮೂರು ಗೇರಿನ ಟಿ-90. ಅದರ ಬೆನ್ನಿಗೆ ಅಂಟಿಕೊಂಡಿರುವುದು, ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ಡಾನಾ 18 ಅಂತಲೂ ಅಂತಾರೆ, ಎರಡೂ ಒಂದೇ. ಬೇರೆ ಗಾಡಿಯವರಿಗೆ ಅಳತೆ ಬೇರೆ ಆಗುತ್ತದೆ, ಆದರೆ ಹುಡುಕುವ ದಾರಿ ಹೆಚ್ಚುಕಡಿಮೆ ಇದೇ.

ಹ್ಯಾಂಡ್ ಬ್ರೇಕಿಗೂ ಗೇರ್ ಬಾಕ್ಸಿಗೂ ಏನು ಸಂಬಂಧ? ಈ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಜಾಗದಲ್ಲಿ ಒಂದು ಡ್ರಮ್ ಇದೆ. ಗೇರ್ ಬಾಕ್ಸಿನ ಎಣ್ಣೆ ಹಿಂದಿನ ಸೀಲ್ ದಾಟಿ ಟ್ರಾನ್ಸ್‌ಫರ್ ಕೇಸಿಗೆ ಹೋದರೆ ಅಲ್ಲಿ ಎಣ್ಣೆ ಜಾಸ್ತಿಯಾಗುತ್ತದೆ. ಜಾಸ್ತಿಯಾದ ಎಣ್ಣೆ ಹಿಂದಿನ ಸೀಲಿನಿಂದ ಹೊರಗೆ ಬಂದು ಡ್ರಮ್ಮಿಗೆ ಇಳಿಯುತ್ತದೆ. ಲೈನರ್ ಎಣ್ಣೆ ಕುಡಿಯುತ್ತದೆ, ಬ್ರೇಕ್ ಹಿಡಿಯಲ್ಲ. ಅತ್ತ ಗೇರ್ ಬಾಕ್ಸ್ ಒಣಗುತ್ತಿರುತ್ತದೆ. ಇಷ್ಟು ಗೊತ್ತಿದ್ದರೆ ನಾನು ಲೈನರಿಗೆ ದುಡ್ಡು ಹಾಕುವ ಬದಲು ಎರಡರ ಲೆವೆಲ್ ಪ್ಲಗ್ (ಎಣ್ಣೆ ಮಟ್ಟ ನೋಡುವ ಬಿರಡೆ) ಬಿಚ್ಚಿ ನೋಡುತ್ತಿದ್ದೆ.

ಅದೇ ಮೊದಲ ಕೆಲಸ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಒಂದು ರಾತ್ರಿ ಬಿಟ್ಟು, ಎರಡೂ ಪ್ಲಗ್ ಬಿಚ್ಚಿ ಬೆರಳು ಹಾಕಿ. ಎಣ್ಣೆ ತೂತಿನ ಅಂಚಿನವರೆಗೆ ಇರಬೇಕು. ನಮ್ಮದರಲ್ಲಿ ಗೇರ್ ಬಾಕ್ಸಿಗೆ ಬೆರಳು ಪೂರ್ತಿ ಹೋದರೂ ಎಣ್ಣೆ ಸಿಗಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಪ್ಲಗ್ ಬಿಚ್ಚಿದ ತಕ್ಷಣ ಮೊಣಕೈವರೆಗೆ ಹರಿಯಿತು. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿರಲಿಲ್ಲ ಅನ್ನೋದನ್ನ ಗಮನಿಸಿ. ಸೋರಿಕೆ ಕಾಣಲ್ಲ ಅಂದರೆ ಸೋರಿಕೆ ಇಲ್ಲ ಅಂತಲ್ಲ.

ಈಗ ಸದ್ದು. ಮೇಸ್ತ್ರಿ ಹತ್ತಿರ ಹೋಗಿ "ಗೇರ್ ಬಾಕ್ಸ್ ಸೌಂಡ್ ಮಾಡುತ್ತೆ" ಅಂದರೆ ಅವರು ಬಾಕ್ಸ್ ಇಳಿಸುತ್ತಾರೆ, ಅಷ್ಟೇ. ಯಾವಾಗ ಸದ್ದು, ಯಾವಾಗ ಇಲ್ಲ ಅಂತ ನೀವೇ ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಎಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡಿ. ಗರಗರ ಸದ್ದಿದ್ದು, ಕ್ಲಚ್ ಒತ್ತಿದಾಗ ನಿಂತರೆ, ಎಂಜಿನ್ನಿನಿಂದ ಬಾಕ್ಸಿಗೆ ಶಕ್ತಿ ತರುವ ಕ್ಲಚ್ ಶಾಫ್ಟಿನ ಬೇರಿಂಗೋ ಕೆಳಗಿನ ಕ್ಲಸ್ಟರ್ ಗೇರಿನ (ಒಂದೇ ತುಂಡಿನಲ್ಲಿರುವ ಹಲವು ಗೇರ್) ಸೂಜಿ ರೋಲರ್‌ಗಳೋ ಹೋಗಿವೆ. ಉಲ್ಟಾ, ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ನೋಡಿ. ಅದಕ್ಕೆ ಬಾಕ್ಸಿನ ಒಳಗೆ ಕೈ ಹಾಕುವ ಅಗತ್ಯವೇ ಇಲ್ಲ.

ಆಮೇಲೆ ರಸ್ತೆಗೆ ತನ್ನಿ. ಮೂರನೇ ಗೇರಿನಲ್ಲಿ ಕ್ಲಚ್ ಶಾಫ್ಟ್ ಮತ್ತು ಬಾಕ್ಸಿನಿಂದ ಶಕ್ತಿ ಹೊರಗೆ ಒಯ್ಯುವ ಮೇನ್ ಶಾಫ್ಟ್ ನೇರ ಜೋಡಿಯಾಗುತ್ತವೆ, ಕ್ಲಸ್ಟರ್ ಸುಮ್ನೆ ತಿರುಗುತ್ತಿರುತ್ತದೆ, ಅದರ ಮೇಲೆ ಭಾರ ಇರಲ್ಲ. ಹಾಗಾಗಿ ಒಂದು ಮತ್ತು ಎರಡರಲ್ಲಿ ಸದ್ದು, ಮೂರರಲ್ಲಿ ಮೌನ ಅಂದರೆ ಕ್ಲಸ್ಟರ್. ಮೂರರಲ್ಲೂ ಅದೇ ಸದ್ದು ಅಂದರೆ ಮೇನ್ ಶಾಫ್ಟಿನ ಹಿಂದಿನ ಬೇರಿಂಗ್ ಅಥವಾ ಟ್ರಾನ್ಸ್‌ಫರ್ ಕೇಸ್. ಇಲ್ಲಿ ಒಂದು ಮಾತು. ಸ್ಪೈಸರ್ 18ರಲ್ಲಿ ಬರೀ ಹಿಂದಿನ ಚಕ್ರ ಓಡುವಾಗಲೂ ಶಕ್ತಿ ನೇರ ಹೋಗಲ್ಲ, ನಡುವಿನ ಇಂಟರ್‌ಮೀಡಿಯೇಟ್ ಗೇರ್ ಮೂಲಕವೇ ಹೋಗಬೇಕು. ಆದ್ದರಿಂದ ಒಂದು ಮಟ್ಟದ ಹೂಂಕಾರ ಹುಟ್ಟುಗುಣ. ಹೊಸ ಕಾರು ಓಡಿಸಿ ಬಂದು ಇದಕ್ಕೆ ಕೂತವರು ಗಾಬರಿ ಆಗುವುದು ಇದಕ್ಕೇ. ಬೆಂಡೋಲೆ ಅಲ್ಲಾಡಿಸುವಷ್ಟು ಕೂಗುತ್ತಿದ್ದರೆ ಮಾತ್ರ ಯೋಚನೆ ಮಾಡಿ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಅನುಮಾನ ಇದ್ದರೆ ಅದನ್ನು ಬಿಚ್ಚಿಟ್ಟು ಒಂದು ಸುತ್ತು ಹೋಗಿ ಬನ್ನಿ. ಸದ್ದು ಹೋದರೆ ಬಾಕ್ಸ್ ಬಿಚ್ಚಬೇಡಿ.

ಇನ್ನು ಗೇರ್ ಹಾರುವುದು, ನಮ್ಮ ಮುಖ್ಯ ಕಥೆ.

ಯಾವ ಗೇರ್ ಹಾರುತ್ತದೆ ಅನ್ನೋದು ಮುಖ್ಯ. ಒಂದನೆಯದು ಹಾರಿದರೆ ಹೆಚ್ಚಿನ ಸಲ ಹಲ್ಲಿನ ತುದಿ ಇಳಿಜಾರಾಗಿ ಸವೆದಿರುತ್ತದೆ. ಟಿ-90ರಲ್ಲಿ ಒಂದನೇ ಗೇರಿಗೆ ಸಿಂಕ್ರೋ (ಹಲ್ಲು ಸೇರುವ ಮುಂಚೆ ವೇಗ ಹೊಂದಿಸುವ ಭಾಗ) ಇಲ್ಲ, ಗಾಡಿ ಓಡುವಾಗಲೇ ಕರ್ರ್ ಅಂತ ತಳ್ಳಿ ತಳ್ಳಿ ಹಲ್ಲು ತಿಂದಿರುತ್ತಾರೆ. ಆ ಕರ್ರ್ ದೋಷವಲ್ಲ, ಓಡಿಸುವವರ ಅಭ್ಯಾಸ. ಮೂರನೆಯದು ಹಾರಿದರೆ ಮುಂದಕ್ಕೆ ನೋಡಿ: ಕ್ಲಚ್ ಶಾಫ್ಟ್ ಬೇರಿಂಗ್, ಆ ಶಾಫ್ಟಿನ ತುದಿ ಕೂರುವ ಫ್ಲೈವೀಲಿನೊಳಗಿನ ಪೈಲಟ್ ಬುಷ್, ಬೆಲ್ ಹೌಸಿಂಗಿನ ಬೋಲ್ಟ್. ಎಂಜಿನ್ ಬದಲಾದ ಗಾಡಿಯಲ್ಲಿ ನಡುವೆ ಅಡಾಪ್ಟರ್ ಪ್ಲೇಟ್ ಇರುತ್ತದೆ, ಅದು ಕೂದಲೆಳೆ ಆಚೀಚೆ ಇದ್ದರೂ ಎರಡು ಶಾಫ್ಟ್ ಒಂದೇ ಸಾಲಿನಲ್ಲಿ ನಿಲ್ಲಲ್ಲ, ಎಷ್ಟು ಹೊಸ ಗೇರ್ ಹಾಕಿದರೂ ಹಾರುತ್ತದೆ.

ಎರಡನೆಯದು ಹಾರಿದರೆ ಅನುಮಾನದ ಪಟ್ಟಿ ದೊಡ್ಡದು. ಅದು ಓರೆ ಹಲ್ಲಿನ ಗೇರ್. ಓರೆ ಹಲ್ಲು ಭಾರ ಬಿದ್ದಾಗ ಪಕ್ಕಕ್ಕೂ ತಳ್ಳುತ್ತದೆ. ಏರುವಾಗ ಒಂದು ಕಡೆ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇನ್ನೊಂದು ಕಡೆ. ಶಾಫ್ಟ್ ಹಿಂದೆ ಮುಂದೆ ಅಲ್ಲಾಡಲು ಜಾಗ ಸಿಕ್ಕಿದರೆ ಇಳಿಜಾರಿನಲ್ಲಿ ಗೇರ್ ತನ್ನಷ್ಟಕ್ಕೆ ಹಿಂದೆ ಸರಿದು ಕಳಚಿಕೊಳ್ಳುತ್ತದೆ. ಅದಕ್ಕೇ ಏರಿನಲ್ಲಿ ಗಟ್ಟಿ, ಇಳಿಜಾರಿನಲ್ಲಿ ಹಾರು.

ಲಿವರ್ ಮೇಲೆ ಸುಮ್ನೆ ಕೈ ಇಟ್ಟು ಓಡಿಸಿ, ಹಿಡಿಯಬೇಡಿ. ಹಾರುವ ಮುಂಚೆ ಲಿವರ್ ಹಿಂದೆ ಮುಂದೆ ಕುಟ್ಟುತ್ತದಾ? ಹಾಗಾದರೆ ಶಾಫ್ಟಿಗೆ ಆಟ, ಅಂದರೆ ಸಡಿಲ, ಬಂದಿದೆ. ಏನೂ ಸೂಚನೆ ಇಲ್ಲದೆ ಮೆತ್ತಗೆ ಜಾರಿ ಬರುತ್ತದಾ? ಹಾಗಾದರೆ ಮೇಲಿನ ಮುಚ್ಚಳದೊಳಗಿನ ಗೇರನ್ನು ಜಾಗದಲ್ಲಿ ಹಿಡಿಯುವ ಗುಂಡು ಮತ್ತು ಸ್ಪ್ರಿಂಗ್, ಅಥವಾ ಗೇರ್ ಸರಿಸುವ ಫೋರ್ಕಿನ ಸವೆತ. ಹೀಗೆ ಮೆತ್ತಗೆ ಜಾರುವುದು ಅದೃಷ್ಟವಂತರ ಕಾಯಿಲೆ. ಮುಚ್ಚಳ ಬಿಚ್ಚಿದರೆ ಸಾಕು, ಬಾಕ್ಸ್ ಗಾಡಿಯಲ್ಲೇ ಇರುತ್ತದೆ. ಸ್ಪ್ರಿಂಗ್ ಹಾಕುವಾಗ ಗುಂಡು ಹಾರಿ ಕೊಟ್ಟಿಗೆ ಮೂಲೆ ಸೇರುತ್ತದೆ, ಕೆಳಗೆ ಬಟ್ಟೆ ಹಾಸಿಕೊಳ್ಳಿ.

ನಮ್ಮದು ಕುಟ್ಟುತ್ತಿತ್ತು.

ಹಾಸನದಲ್ಲಿ ಒಬ್ಬರು ಹಳೇ ಮೇಸ್ತ್ರಿ ಇದ್ದಾರೆ, ಈಗ ಅಂಗಡಿ ಮುಚ್ಚಿದ್ದಾರೆ. ಫೋನಿನಲ್ಲಿ ಎಲ್ಲ ಹೇಳಿದೆ. "ಗೌಡ್ರೇ, ಬಾಕ್ಸ್ ಇಳಿಸೋಕೆ ಮುಂಚೆ ಹಿಂದಿನ ಗುಂಡನೆ ಮುಚ್ಚಳ ತೆಗೆದು ನೋಡಿದ್ರಾ?" ಅಂದರು. ಯಾವ ಮುಚ್ಚಳ ಅಂತ ಕೇಳಿದೆ. ಅವರು ನಕ್ಕರು.

ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ, ಹ್ಯಾಂಡ್ ಬ್ರೇಕ್ ಡ್ರಮ್ಮಿನ ಪಕ್ಕಕ್ಕೆ, ಒಂದು ತಗಡಿನ ಮುಚ್ಚಳ ಇದೆ. ಪಿಟಿಒ, ಅಂದರೆ ಬೇರೆ ಯಂತ್ರ ಓಡಿಸಲು ಶಕ್ತಿ ತೆಗೆಯುವ ಸಾಧನ, ಜೋಡಿಸುವ ಜಾಗ ಅದು. ಬಿಚ್ಚಿದರೆ ನೇರ ಕಾಣುವುದು ಗೇರ್ ಬಾಕ್ಸಿನ ಮೇನ್ ಶಾಫ್ಟಿನ ಕೊನೆ, ಅದರ ಮೇಲೆ ಡ್ರೈವ್ ಗೇರ್, ಅದನ್ನು ಬಿಗಿದು ಹಿಡಿದ ದೊಡ್ಡ ಕ್ಯಾಸಲ್ ನಟ್, ನಟ್ಟಿಗೆ ಅಡ್ಡ ಸ್ಪ್ಲಿಟ್ ಪಿನ್. ಈ ಒಂದು ನಟ್ ಡ್ರೈವ್ ಗೇರ್, ಸ್ಪೇಸರ್, ಹಿಂದಿನ ಬೇರಿಂಗ್ ಎಲ್ಲವನ್ನೂ ಶಾಫ್ಟಿಗೆ ಒತ್ತಿ ಹಿಡಿಯುತ್ತದೆ. ಅದು ಸಡಿಲವಾದರೆ ಶಾಫ್ಟ್ ಬೇರಿಂಗಿನೊಳಗೆ ಹಿಂದೆ ಮುಂದೆ ಓಡಾಡುತ್ತದೆ. ಎರಡನೇ ಗೇರ್ ಹಾರುತ್ತದೆ. ಸ್ಪೇಸರ್ ಸೀಲಿನ ಕೆಳಗೆ ಅಲ್ಲಾಡಿ ಸೀಲ್ ತಿನ್ನುತ್ತದೆ, ಎಣ್ಣೆ ಆಚೆ ಹೋಗುತ್ತದೆ, ಹ್ಯಾಂಡ್ ಬ್ರೇಕ್ ಹೋಗುತ್ತದೆ. ನಾನು ಮೂರು ಕಾಯಿಲೆ ಅಂದುಕೊಂಡಿದ್ದು ಒಂದು ನಟ್.

ಕೆಳಗೆ ಬಾಣಲಿ ಇಟ್ಟು ಮುಚ್ಚಳ ತೆಗೆದೆ. ಸ್ಪ್ಲಿಟ್ ಪಿನ್ ಇರಲಿಲ್ಲ. ಹಿಂದೆ ಯಾರೋ ಬಿಚ್ಚಿದವರು ಪಿನ್ ಬದಲು ಒಂದು ಸ್ಪ್ರಿಂಗ್ ವಾಷರ್ ಹಾಕಿ ಕೈ ತೊಳೆದುಕೊಂಡಿದ್ದರು. ನಟ್ ಬರೀ ಬೆರಳಿಗೆ ತಿರುಗಿತು. ಗೇರನ್ನು ಮೀಟುಗೋಲಿನಿಂದ ಮೀಟಿದರೆ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ. ಗೇರಿನ ಒಳಗಿನ ಸ್ಪ್ಲೈನ್ (ಶಾಫ್ಟಿಗೆ ಕೂರುವ ಉದ್ದ ಹಲ್ಲು) ನೋಡಿದರೆ, ಬೆಳಕು ಬಿದ್ದಲ್ಲಿ ಒಂದು ಬದಿ ಹೊಳೆಯುತ್ತಿತ್ತು, ಗರಗಸದ ಹಲ್ಲಿನ ಹಾಗೆ ಚೂಪಾಗಿತ್ತು.

ನಿಮ್ಮ ಗಾಡಿಯಲ್ಲಿ ಇದು ಹೊಸದಾಗಿ ಸಡಿಲವಾಗಿದ್ದರೆ ನಟ್ ಬಿಗಿದು ಪಿನ್ ಹಾಕಿ ಮುಗಿಸಬಹುದು. ಬಿಗಿಯುವಾಗ ಶಾಫ್ಟ್ ತಿರುಗಬಾರದು, ಫೋರ್ ವೀಲ್ ಹಾಕಿ, ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಎಳೆಯಿರಿ ಅನ್ನೋಣ ಅಂದರೆ ನಮ್ಮದು ಹೇಗಿತ್ತು ಅಂತ ಹೇಳಿದೆನಲ್ಲ. ಪಿನ್ನಿನ ತೂತಿಗೆ ಹೊಂದಲಿಲ್ಲ ಅಂತ ನಟ್ಟನ್ನು ಹಿಂದಕ್ಕೆ ತಿರುಗಿಸಬೇಡಿ, ಮುಂದಿನ ತೂತಿನವರೆಗೆ ಬಿಗಿಯಿರಿ.

ನಾನೂ ಮೊದಲು ಅಷ್ಟೇ ಮಾಡಿದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಲೋಡ್ ಇದ್ದಾಗ ಮತ್ತೆ ಹಾರಲು ಶುರು. ಶಾಫ್ಟ್ ಈಗ ಗಟ್ಟಿ, ಆದರೆ ಅಷ್ಟು ದಿನ ಅರ್ಧ ಹಿಡಿತದಲ್ಲಿ ಓಡಿ ಸಿಂಕ್ರೋದ ಹಲ್ಲು ದುಂಡಗಾಗಿತ್ತು. ಇನ್ನು ಬಾಕ್ಸ್ ಇಳಿಸುವುದು ಬಿಟ್ಟು ದಾರಿ ಇರಲಿಲ್ಲ.

ಇಳಿಸುವುದು ಕಷ್ಟದ ಕೆಲಸ ಅಲ್ಲ, ಗಲೀಜಿನ ಕೆಲಸ. ಎರಡರ ಎಣ್ಣೆಯೂ ಇಳಿಸಿ, ನೆಲದ ತಗಡು ಬಿಚ್ಚಿ, ಲಿವರ್‌ಗಳು, ಎರಡು ಪ್ರೊಪೆಲ್ಲರ್ ಶಾಫ್ಟ್, ಸ್ಪೀಡೋ ಕೇಬಲ್, ಹ್ಯಾಂಡ್ ಬ್ರೇಕ್ ಕೇಬಲ್, ಕ್ಲಚ್ ಲಿಂಕ್. ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು ಆಧಾರ ಮಾಡಿ, ಆಮೇಲೆ ಅಡ್ಡ ಕ್ರಾಸ್ ಮೆಂಬರ್ ಬಿಚ್ಚಿ. ಒಬ್ಬರೇ ಮಾಡಬೇಡಿ, ಬರೀ ಜಾಕಿ ನಂಬಿ ಗಾಡಿ ಕೆಳಗೆ ಮಲಗಬೇಡಿ. ಬಾಕ್ಸ್ ಹಿಂದಕ್ಕೆ ಎಳೆಯುವಾಗ ಅದರ ಭಾರ ಕ್ಲಚ್ ಪ್ಲೇಟಿನ ಮೇಲೆ ನೇತಾಡಬಾರದು, ಪ್ಲೇಟ್ ಸೊಟ್ಟಗಾಗುತ್ತದೆ.

ಟ್ರಾನ್ಸ್‌ಫರ್ ಕೇಸನ್ನು ಗೇರ್ ಬಾಕ್ಸಿನಿಂದ ಬೇರೆ ಮಾಡುವಾಗ ಎಲ್ಲರೂ ಒಂದು ಸಲ ತಪ್ಪು ಮಾಡುತ್ತಾರೆ. ಎಳೆದರೆ ಮೇನ್ ಶಾಫ್ಟ್ ಅದರ ಜೊತೆ ಹಿಂದಕ್ಕೆ ಬರುತ್ತದೆ, ಮುಂದಿನ ತುದಿಯ ರೋಲರ್‌ಗಳು, ಸಿಂಕ್ರೋದ ತುಂಡುಗಳು ಎಲ್ಲ ಬಾಕ್ಸಿನ ತಳಕ್ಕೆ ಉದುರುತ್ತವೆ. ಅದಕ್ಕೆ ಮೇಲಿನ ಮುಚ್ಚಳ ತೆಗೆದು, ಎರಡನೇ ಗೇರಿನ ಬೆನ್ನಿಗೆ ಶಾಫ್ಟಿನ ಸುತ್ತ ಒಂದು ಬೈಂಡಿಂಗ್ ವೈರ್ ಸುತ್ತಿ, ಮುಂದಿನ ಮೂಲೆಯ ಸ್ಕ್ರೂಗೆ ಎಳೆದು ಕಟ್ಟಿ. ಆಮೇಲೆ ಎಳೆಯಿರಿ. ಹಿಂದಿನ ಆ ದೊಡ್ಡ ನಟ್ ಬಿಚ್ಚಿರಬೇಕು ಅಂತ ಬೇರೆ ಹೇಳಬೇಕಿಲ್ಲ. ಅದನ್ನು ಮರೆತು ಹಾರೆ ಹಾಕಿ ಮೀಟಿದವರನ್ನೂ ನೋಡಿದ್ದೇನೆ. ಕೇಸಿನ ಕಿವಿ ಮುರಿಯಿತು.

ಬೇರೆಯಾದ ಮೇಲೆ ಹಿಂಭಾಗದಲ್ಲಿ ಒಂದು ಚಿಕ್ಕ ಲಾಕ್ ಪ್ಲೇಟ್ ಸಿಗುತ್ತದೆ, ಕ್ಲಸ್ಟರ್ ಶಾಫ್ಟನ್ನೂ ರಿವರ್ಸ್ ಗೇರಿನ ಶಾಫ್ಟನ್ನೂ ಒಟ್ಟಿಗೆ ಹಿಡಿದಿರುತ್ತದೆ. ಅದನ್ನು ತೆಗೆದು ಕ್ಲಸ್ಟರ್ ಶಾಫ್ಟನ್ನು ಮುಂದಿನಿಂದ ಹಿಂದಕ್ಕೆ ಹೊಡೆಯಬೇಕು, ಹಿತ್ತಾಳೆ ಸರಳಿನಿಂದ. ಸುತ್ತಿಗೆ ನೇರ ಬೇಡ. ಕ್ಲಸ್ಟರಿನಷ್ಟೇ ಉದ್ದದ, ಶಾಫ್ಟಿನಷ್ಟೇ ದಪ್ಪದ ಒಂದು ಸುಳ್ಳು ಶಾಫ್ಟ್ ಲೇತ್‌ನಲ್ಲಿ ಮಾಡಿಸಿಕೊಂಡರೆ, ಅಸಲಿ ಹೊರಗೆ ಹೋಗುತ್ತಿದ್ದ ಹಾಗೆ ಇದು ಒಳಗೆ ಕೂತು ಸೂಜಿ ರೋಲರ್‌ಗಳನ್ನು ಹಿಡಿದುಕೊಳ್ಳುತ್ತದೆ. ನಾನು ಮರದಲ್ಲಿ ಮಾಡಿಕೊಂಡೆ, ಸಾಕಾಯಿತು.

ಎಲ್ಲವನ್ನೂ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಬಿಳಿ ಬಟ್ಟೆ ಮೇಲೆ ಹರಡಿ. ಈಗ ಒಂದೊಂದೇ ಸಾಕ್ಷಿ ಕೇಳಬೇಕು.

ಕ್ಲಸ್ಟರ್ ಶಾಫ್ಟಿನ ಮೇಲೆ ರೋಲರ್ ಓಡುವ ಜಾಗದಲ್ಲಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಶಾಫ್ಟ್ ಮುಗಿಯಿತು, ಬರೀ ರೋಲರ್ ಬದಲಿಸಿ ಪ್ರಯೋಜನವಿಲ್ಲ. ನಮ್ಮದರಲ್ಲಿ ಮುಂದಿನ ಕಡೆ ಅಕ್ಕಿಕಾಳಿನಷ್ಟು ಗುಂಡಿ ಬಿದ್ದಿದ್ದವು, ಎಣ್ಣೆ ಇಲ್ಲದೆ ಓಡಿದ್ದಕ್ಕೆ. ಎರಡು ತುದಿಯಲ್ಲಿ ಪಕ್ಕದ ಒತ್ತಡ ತಡೆಯುವ ಥ್ರಸ್ಟ್ ವಾಷರ್‌ಗಳು ಸವೆದಿದ್ದರೆ ಕ್ಲಸ್ಟರ್ ಹಿಂದೆ ಮುಂದೆ ಆಡುತ್ತದೆ, ಅದೂ ಗೇರ್ ಹಾರಲು ಕಾರಣ. ಜೋಡಿಸಿದ ಮೇಲೆ ಈ ಆಟ ಇಂಚಿನ ಸಾವಿರದಲ್ಲಿ 12ರಿಂದ 18, ಅಂದರೆ ಸುಮಾರು 0.30ರಿಂದ 0.46 ಮಿ.ಮೀ. ಇರಬೇಕು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಲ್ಲದೆ ಕೈಯಂದಾಜಿಗೆ ಬಿಡಬೇಡಿ.

ಸಿಂಕ್ರೋದ ಹಿತ್ತಾಳೆ ರಿಂಗನ್ನು ಅದರ ಕೋನ್ ಮೇಲೆ ಇಟ್ಟು ಒತ್ತಿ ತಿರುಗಿಸಿ. ಹಿಡಿದುಕೊಳ್ಳಬೇಕು, ಮತ್ತು ರಿಂಗಿಗೂ ಗೇರಿನ ಹಲ್ಲಿಗೂ ನಡುವೆ ಸಂದು ಕಾಣಬೇಕು. ರಿಂಗ್ ಹೋಗಿ ಗೇರಿಗೇ ತಾಗಿದರೆ ಸವೆದಿದೆ. ಗೇರಿನ ಪಕ್ಕದ ಚಿಕ್ಕ ಹಲ್ಲುಗಳು ಮನೆಯ ಮಾಡಿನ ಹಾಗೆ ಎರಡೂ ಕಡೆ ಇಳಿಜಾರಾಗಿ ಚೂಪಾಗಿರಬೇಕು. ನಮ್ಮದರ ಎರಡನೇ ಗೇರಿನವು ಹಳೇ ಬಳಪದ ತುದಿ ಹಾಗಿದ್ದವು. ಸ್ಲೀವ್ ಮತ್ತು ಹಬ್ ಬಿಡಿಸುವ ಮುಂಚೆ ಎರಡಕ್ಕೂ ಗುರುತು ಹಾಕಿ, ಅವು ಒಟ್ಟಿಗೆ ಸವೆದ ಜೋಡಿ, ತಿರುಗಿಸಿ ಹಾಕಿದರೆ ಗೇರ್ ಬಿಗಿಯಾಗುತ್ತದೆ.

ಕೇಸನ್ನೂ ನೋಡಿ. ಬೇರಿಂಗಿನ ಹೊರಬಳೆ ಕೇಸಿನಲ್ಲಿ ತಿರುಗಿದ ಹೊಳಪು ಇದ್ದರೆ ಹೊಸ ಬೇರಿಂಗ್ ಕೂಡ ಲೂಸ್. ಲೇತ್‌ನವರು ಸ್ಲೀವ್ ಹಾಕಿ ಕೊಡುತ್ತಾರೆ, ಆದರೆ ನನ್ನ ಅಭಿಪ್ರಾಯದಲ್ಲಿ ಗುಜರಿಯಲ್ಲಿ ಒಳ್ಳೆ ಕೇಸ್ ಹುಡುಕುವುದು ಮೇಲು. ಹಾಗೆಯೇ ಗೇರ್. ಸಂದೇಹದ ಹೊಸ ನಕಲಿಗಿಂತ ಹಲ್ಲು ಚೆನ್ನಾಗಿರುವ ಹಳೇ ಅಸಲಿ ನನಗೆ ಇಷ್ಟ. ಬೇರಿಂಗ್, ಸೀಲ್, ರಿಂಗ್, ಥ್ರಸ್ಟ್ ವಾಷರ್ ಮಾತ್ರ ಯಾವತ್ತೂ ಹೊಸದು.

ಟ್ರಾನ್ಸ್‌ಫರ್ ಕೇಸ್ ಕೈಯಲ್ಲಿದ್ದಾಗ ಅದರ ತಳದ ಮುಚ್ಚಳವನ್ನೂ ಬಿಚ್ಚಿ, ಇಂಟರ್‌ಮೀಡಿಯೇಟ್ ಗೇರನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಟಕ್ ಟಕ್ ಅಂದರೆ ಶಾಫ್ಟ್ ಸವೆದಿದೆ. ಆ ಶಾಫ್ಟ್ ಬೇರೆ ಬೇರೆ ಕಾಲದಲ್ಲಿ ಮುಕ್ಕಾಲು ಇಂಚು, 1-1/8 ಇಂಚು, 1-1/4 ಇಂಚು ಹೀಗೆ ಮೂರು ದಪ್ಪದಲ್ಲಿ ಬಂದಿದೆ. ಅಳತೆ ಮಾಡದೆ ಬೆಂಗಳೂರಿಗೆ ಬಸ್ ಹತ್ತಬೇಡಿ, ನಾನು ಹತ್ತಿದ್ದೆ. ಔಟ್‌ಪುಟ್ ಶಾಫ್ಟಿನ ಆಟ ಇಂಚಿನ ಸಾವಿರದಲ್ಲಿ 4ರಿಂದ 8, ಶಿಮ್ (ತೆಳು ತಗಡಿನ ಬಿಲ್ಲೆ) ಸೇರಿಸಿ ತೆಗೆದು ಹೊಂದಿಸಬೇಕು.

ಇನ್ನೊಂದು, ಫೋರ್ ವೀಲ್ ಲಿವರ್ ಹೊರಗೆ ಬರುತ್ತಿಲ್ಲ ಅಂತ ಬಾಕ್ಸ್ ಬಿಚ್ಚಿಸಿದವರಿದ್ದಾರೆ. ಡಾಂಬರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಿದರೆ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಎಳೆದಾಡಿ ಬಿಗಿದುಕೊಳ್ಳುತ್ತವೆ. ನಾಲ್ಕು ಮಾರು ರಿವರ್ಸ್ ಹೋಗಿ, ಲಿವರ್ ತಾನೇ ಬರುತ್ತದೆ.

ಜೋಡಿಸುವಾಗ ರೋಲರ್‌ಗಳನ್ನು ಗ್ರೀಸ್ ಹಚ್ಚಿ ಅಂಟಿಸಿ, ಎಣಿಸಿ ಹಾಕಿ. ಒಂದು ಕಡಿಮೆ ಬಿದ್ದರೂ ಉಳಿದವು ಓರೆಯಾಗುತ್ತವೆ. ಪ್ಯಾಕಿಂಗ್ ಕಾಗದ ಮೊದಲಿದ್ದಷ್ಟೇ ದಪ್ಪ ಇರಲಿ, ಕ್ಯಾಲೆಂಡರ್ ರಟ್ಟು ಕತ್ತರಿಸಿ ಹಾಕಿದರೆ ಬೇರಿಂಗಿಗೆ ಒತ್ತು ಸಿಗಲ್ಲ, ಮತ್ತೆ ಶಾಫ್ಟ್ ಅಲ್ಲಾಡುತ್ತದೆ. ಆ ಹಿಂದಿನ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್. ನೆಲದ ಮೇಲಿರುವಾಗಲೇ ಮೂರೂ ಗೇರ್, ರಿವರ್ಸ್ ಹಾಕಿ ಕೈಯಿಂದ ತಿರುಗಿಸಿ ನೋಡಿ, ಎಲ್ಲೂ ತಡೆಯಬಾರದು.

ಎಣ್ಣೆ ಎಸ್‌ಎಇ 90 ದಪ್ಪದ್ದು, ಜಿಎಲ್-4 ದರ್ಜೆಯದು. ಆಕ್ಸಲ್‌ಗೆ ಹಾಕುವ ಜಿಎಲ್-5 ಡಬ್ಬ ಅರ್ಧ ಉಳಿದಿದೆ ಅಂತ ಇದಕ್ಕೆ ಸುರಿಯಬೇಡಿ. ಜಾರು ಜಾಸ್ತಿ, ಸಿಂಕ್ರೋ ರಿಂಗ್ ಹಿಡಿಯಲು ತಡವಾಗುತ್ತದೆ, ಹಿತ್ತಾಳೆಗೂ ಒಳ್ಳೆಯದಲ್ಲ. ತುಂಬಿ ಒಂದು ಸಣ್ಣ ಸುತ್ತು ಹೋಗಿ ಬಂದು ಎರಡೂ ಪ್ಲಗ್ ಮತ್ತೆ ಬಿಚ್ಚಿ ನೋಡಿ. ಗೇರ್ ಹಾಕುವಾಗ ಇನ್ನೂ ಕರ್ರ್ ಅಂದರೆ ತಕ್ಷಣ ಸಿಂಕ್ರೋವನ್ನು ಬೈಯಬೇಡಿ. ಕ್ಲಚ್ ಪೂರ್ತಿ ಒತ್ತಿ, ಹತ್ತು ಎಣಿಸಿ, ರಿವರ್ಸ್ ಹಾಕಿ. ಆಗಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಪೆಡಲ್ ಸೆಟ್ಟಿಂಗ್ ನೋಡಿ.

ನಾನು 500 ಕಿ.ಮೀ. ಆದ ಮೇಲೆ ಎಣ್ಣೆ ಇಳಿಸಿದೆ. ಬಾಣಲಿಯಲ್ಲಿ ಅಯಸ್ಕಾಂತ ಆಡಿಸಿದರೆ ಬೂದಿಯಂಥ ಪುಡಿ ಸ್ವಲ್ಪ ಬಂತು, ತುಂಡು ಒಂದೂ ಇಲ್ಲ. ಎರಡೂ ಕಡೆ ಲೆವೆಲ್ ಹಾಗೇ ಇತ್ತು. ಹ್ಯಾಂಡ್ ಬ್ರೇಕಿಗೆ ಮತ್ತೆ ಲೈನರ್ ಹಾಕಿಸಿದೆ. ಕಣದ ಇಳಿಜಾರಿನಲ್ಲಿ ಎಂಟು ಮೂಟೆ ಹೇರಿ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು, ಲಿವರ್ ಮೇಲೆ ಕೈ ಇಡದೆ ಇಳಿದೆ. ಹಾರಲಿಲ್ಲ. ಸ್ಪೀಡೋಮೀಟರ್ ಮುಳ್ಳು ಮಾತ್ರ ಸೊನ್ನೆಯಲ್ಲೇ ಕೂತಿತ್ತು. ತಿರುವಿನ ಹತ್ತಿರ ಬಂದಾಗ ನೆನಪಾಯಿತು: ಎಣ್ಣೆ ಇಳಿಸುವಾಗ ಕೈಗೆ ಅಡ್ಡ ಬರುತ್ತೆ ಅಂತ ಬಿಚ್ಚಿದ್ದ ಕೇಬಲ್ ಇನ್ನೂ ಕೊಟ್ಟಿಗೆಯ ಮೊಳೆಗೆ ನೇತಾಡುತ್ತಿದೆ.